ಹವಳದ ತೊಟ್ಟಿಯ ಪೀಡೆಗೆ ಪ್ರಕೃತಿಯ ಮದ್ದು



ವೈದ್ಯನೊಬ್ಬ ರೋಗದ ಮಾತು ಬಿಟ್ಟು ಮೀನಿನ ತೊಟ್ಟಿಯ ವಿಚಾರಕ್ಕೆ ಇಳಿದನೇಕೆಂದು ತಮಗೆ ಅಚ್ಚರಿಯಾಗಬಹುದು. ಆರ್ನೆಮ್ ನಗರದ ಬರ್ಗರ್ಸ್ ಮೃಗಾಲಯದಲ್ಲಿ 2000ದಲ್ಲಿ ತೆರೆದ ಸಾಗರ ವಿಭಾಗವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಲ್ಲಿನ ಜೀವಂತ ಹವಳದ ತೊಟ್ಟಿಯೊಂದರಲ್ಲೇ ಸುಮಾರು 7,50,000 ಲೀಟರ್ ನೀರಿದೆ. ಅದರ ಪುಟ್ಟ ಪ್ರತಿರೂಪವನ್ನು ಮನೆಯಲ್ಲಿಟ್ಟವರಿಗೆ ಇಂದಿನ ಮಾತು ಮೀಸಲು.

ಹವಳದ ಕಲ್ಲಿನೊಡನೆ ಕರೆಯದೆ ಬರುವ ಅತಿಥಿ ಐಪ್ಟೇಸಿಯಾ. ಕಡಲಹೂವಿನ ಜಾತಿಯ ಈ ಪ್ರಾಣಿ ನೆರೆಯ ಹವಳವನ್ನು ಕುಟುಕಿ ಕೊಲ್ಲುತ್ತದೆ. ಕೆರೆದು ತೆಗೆದರೆ ಉಳಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ. ರಕ್ತಬೀಜಾಸುರನ ಕಥೆ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಪೀಡೆಗೆ ಅದರ ಸಹಜ ಶತ್ರುವನ್ನೇ ಛೂ ಬಿಡುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಬರ್ಕೆಲ್ ಎನ್ ರೋಡೆನ್‌ರೈಸ್‌ನ ಸೌತೆಕಾಯಿ ಬೆಳೆಗಾರ ಯಾನ್ ಕೊಪ್ಪರ್ಟ್ ಅವರ ದೇಹಕ್ಕೆ ಕೀಟನಾಶಕಗಳು ಒಗ್ಗಲಿಲ್ಲ. 1967ರಲ್ಲಿ ಅವರು ಗಾಜಿನ ಮನೆಯ ಜೇಡನುಸಿಗಳ ಮೇಲೆ ಅವುಗಳನ್ನು ತಿನ್ನುವ ಮತ್ತೊಂದು ನುಸಿಯನ್ನು ಬಿಟ್ಟರು. ಅದರಿಂದ ಒಂದು ಉದ್ಯಮವೇ ಬೆಳೆಯಿತು.

ಹವಳದ ತೊಟ್ಟಿಗೂ ಇದೇ ನ್ಯಾಯ. ಪೆಪ್ಪರ್‌ಮಿಂಟ್ ಸಿಗಡಿ ಐಪ್ಟೇಸಿಯಾವನ್ನು ತಿನ್ನುತ್ತದೆ, ಆದರೆ ಬೇರೆ ಆಹಾರ ಹೇರಳವಾಗಿದ್ದರೆ ಅದನ್ನು ಮರೆಯುವುದೂ ಉಂಟು. ತಾಮ್ರಪಟ್ಟೆಯ ಚಿಟ್ಟೆಮೀನು ಸುಂದರ, ಆದರೆ ಸಾಕುವುದು ಕಷ್ಟ; ಕೊಳವೆಹುಳುಗಳನ್ನೂ ಅದು ಬಿಡದು. ಬರ್ಗಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು ಐಪ್ಟೇಸಿಯಾವನ್ನಲ್ಲದೆ ಬೇರೇನನ್ನೂ ಮುಟ್ಟದು. ಪೀಡೆ ಮುಗಿದ ದಿನ ಅದರ ಅನ್ನವೂ ಮುಗಿಯಿತು. ಆಗ ಅದನ್ನು ಹಸಿವಿನಿಂದ ಸಾಯಗೊಡದೆ, ಅಗತ್ಯವಿರುವ ಮತ್ತೊಬ್ಬರ ತೊಟ್ಟಿಗೆ ದಾಟಿಸುವುದು ಧರ್ಮ.

ತಾಳ್ಮೆಗೆಟ್ಟು ಕಲ್ಲಿಗೆ ಕುದಿನೀರು ಸುರಿಯುವವರಿದ್ದಾರೆ. ಇಲ್ಲಿ ವೈದ್ಯನಾಗಿ ನಾನು ಎಚ್ಚರಿಸಲೇಬೇಕು. ಅದೇ ಕಲ್ಲಿನ ಮೇಲೆ ಬೆಳೆಯುವ ಕೆಲವು ಜೋವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹಬೆಯೊಡನೆ ಅದು ಉಸಿರಿಗೆ ಸೇರಿದರೆ ಜ್ವರ, ಕೆಮ್ಮು, ಉಬ್ಬಸ ಬರಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸಮುದ್ರದ ಅಕ್ವೇರಿಯಂ ಶುಚಿಗೊಳಿಸಿದ ಬಳಿಕ ಕುಟುಂಬವೊಂದು ಜ್ವರಪೀಡಿತವಾದ ಪ್ರಸಂಗ 2012ರಲ್ಲಿ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಇಂಥ ಲಕ್ಷಣ ಕಂಡರೆ ಕೂಡಲೇ ಕೋಣೆಯಿಂದ ಹೊರಬಂದು ವೈದ್ಯರನ್ನು ಕಾಣಿರಿ. ಅಕ್ವೇರಿಯಂ ವಿಷಯವನ್ನು ಮರೆಯದೆ ತಿಳಿಸಿರಿ. ನೀವು ಹೇಳದಿದ್ದರೆ ವೈದ್ಯರು ಅದನ್ನು ಫ್ಲೂ ಎಂದೇ ಎಣಿಸಿಯಾರು.

ಹಾಗೆಂದು ಸಹಜ ಶತ್ರುವೆಲ್ಲ ನಿರಪಾಯಕಾರಿಯಲ್ಲ. ಸೊಳ್ಳೆಮರಿಗಳನ್ನು ತಿನ್ನಲೆಂದು ನಮ್ಮೂರ ಬಾವಿ, ಕೆರೆಗಳಿಗೆ ಬಿಟ್ಟ ಗ್ಯಾಂಬೂಸಿಯಾ ಮೀನನ್ನು ನೆನೆಯಿರಿ. ಅದು ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಬಾವಿಯಲ್ಲಿ ಔಷಧವಾದದ್ದು ಹೊಳೆ ಸೇರಿದರೆ ತಾನೇ ಪೀಡೆ.

ಆದುದರಿಂದ ರೋಗಿಗೆ ಮದ್ದು ಬರೆಯುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ. ಮೊದಲು ಪೀಡೆ ಯಾವುದೆಂದು ಖಚಿತಪಡಿಸಿಕೊಳ್ಳಿರಿ. ಅನಂತರ ಮದ್ದು, ಪ್ರಮಾಣ, ಅಡ್ಡಪರಿಣಾಮ. ತಂದ ಜೀವಿಯನ್ನು ಬೇಡವಾದಾಗ ಕಾಲುವೆಗೆ ಸುರಿಯಬೇಡಿರಿ. ತೊಟ್ಟಿ ನಮ್ಮದು, ನೀರು ಎಲ್ಲರದು.