ಸೋಯಾ ಅವರೆ: ತೂಕವೂ ಬೇಕು, ಸತ್ವವೂ ಬೇಕು

ಅಜೆಕಾರು ಪೇಟೆಯ ಜಿನಸಿನ ಅಂಗಡಿಯಲ್ಲಿ ಕೇಳಿದರೆ ಸೋಯಾ ಉಂಡೆಯ ಪೊಟ್ಟಣ ಸಿಗುತ್ತದೆ. ಸೋಯಾ ಎಣ್ಣೆಯೂ ಉಂಟು. ಕೋಳಿ ಸಾಕುವವರು ತರುವ ಮೇವಿನ ಚೀಲದಲ್ಲಿಯೂ ಸೋಯಾ ಹಿಂಡಿ ಸೇರಿರುತ್ತದೆ. ಆದರೆ ಏಣೆಲು ಪೈರು ಕೊಯ್ದ ಮಜಲು ಗದ್ದೆಯಲ್ಲಿ ನಾವು ಬಿತ್ತುವುದು ಉದ್ದು, ಹೆಸರು, ಹುರುಳಿ, ಸೋಯಾ ಅವರೆಯನ್ನಲ್ಲ. ಅದಕ್ಕೆ ಇಲ್ಲಿ ಎರಡು ಅಡ್ಡಿ. ಮಳೆಗಾಲದಲ್ಲಿ ಬಿತ್ತೋಣವೆಂದರೆ ಆ ಗಿಡ ನಿಂತ ನೀರನ್ನು ಸಹಿಸದು. ಕೊಯಿಲಾದ ಮೇಲೆ ಬಿತ್ತೋಣವೆಂದರೆ ಹಗಲು ಕಿರಿದಾದ ಕಾಲ. ಗಿಡ ಸರಿಯಾಗಿ ಬೆಳೆಯುವುದರೊಳಗೆ ಹೂ ಬಿಟ್ಟುಬಿಡುತ್ತದೆ.

ಬೆಳೆಯದ ಊರಿನವರಿಗೆ ಈ ಮಾತೇಕೆ ಎಂದು ತಾವು ಕೇಳಬಹುದು. ಬೆಳೆಯದಿದ್ದರೂ ತಿನ್ನುತ್ತೇವಷ್ಟೆ. ನಮ್ಮ ಊಟದ ಅಕ್ಕಿಯಲ್ಲಿ ನೂರಕ್ಕೆ ಏಳರಷ್ಟು ಸಸಾರಜನಕ, ಅಂದರೆ ಪ್ರೋಟೀನು, ಇದೆ. ಉದ್ದಿನಲ್ಲಿ ಸುಮಾರು 24. ಸೋಯಾ ಅವರೆಯಲ್ಲಿ 40ರ ಆಸುಪಾಸು, ಅದರ ಮೇಲೆ 20ರಷ್ಟು ಎಣ್ಣೆ. ಎಣ್ಣೆ ತೆಗೆದು ಉಳಿದ ಹಿಟ್ಟಿನಿಂದ ಮಾಡಿದ ಉಂಡೆಯಲ್ಲಿ ಅರ್ಧದಷ್ಟು ಸಸಾರಜನಕವೇ. ಕಾಳನ್ನೇ ಮನೆಗೆ ತಂದವರು ಅದನ್ನು ಚೆನ್ನಾಗಿ ನೆನೆಸಿ ಬೇಯಿಸಬೇಕು. ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡ ಬರುವ ಒಂದು ವಸ್ತುವಿದೆ. ಅದರ ಬಲ ಬೆಂಕಿಯಲ್ಲಿ ಕುಂದುತ್ತದೆ.

ಇಂಥ ಕಾಳಿನಲ್ಲಿ ಸಸಾರಜನಕವನ್ನು ಇನ್ನೂ ಹೆಚ್ಚಿಸಬೇಕು, ಎಕರೆಯ ಇಳುವರಿಯನ್ನೂ ಹೆಚ್ಚಿಸಬೇಕು ಎಂಬುದು ತಳಿ ತಜ್ಞರ ಆಸೆ. ಗಿಡ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಂದನ್ನು ಎತ್ತಿದರೆ ಇನ್ನೊಂದು ತಗ್ಗುತ್ತದೆ. ಕಾರಣ ಗಿಡದ ಖರ್ಚಿನ ಲೆಕ್ಕದಲ್ಲಿದೆ. ಎಲೆ ತಯಾರಿಸಿದ ಒಂದು ಗ್ರಾಂ ಸಕ್ಕರೆಯಿಂದ ಸುಮಾರು 0.83 ಗ್ರಾಂ ಪಿಷ್ಟವಾದೀತು. ಅಷ್ಟೇ ಸಕ್ಕರೆಯಿಂದ ಆಗುವ ಸಸಾರಜನಕ 0.40 ಗ್ರಾಂ, ಎಣ್ಣೆ 0.33 ಗ್ರಾಂ ಮಾತ್ರ. ಬತ್ತದ ಗಿಡ ಅಗ್ಗದ ಸರಕನ್ನು ತುಂಬುತ್ತದೆ, ಸೋಯಾ ದುಬಾರಿಯದನ್ನು. ಸಸಾರಜನಕವೆಂಬ ಹೆಸರಿನಲ್ಲಿಯೇ ಸಾರಜನಕವಿದೆಯಲ್ಲವೆ? ಅದೂ ಬೇಕು. ಬೇರಿನ ಗಂಟುಗಳಲ್ಲಿರುವ ಅಣುಜೀವಿಗಳು ಗಾಳಿಯಿಂದ ಅದನ್ನು ಹಿಡಿದುಕೊಡುತ್ತವೆ, ಆದರೆ ಕಾಳು ಕಟ್ಟುವ ವಾರಗಳಲ್ಲಿ ಅದಷ್ಟೇ ಸಾಲದು. ಆಗ ಗಿಡ ತನ್ನ ಎಲೆಗಳಲ್ಲಿದ್ದ ಸಾರಜನಕವನ್ನೇ ಎಳೆದು ಕಾಳಿಗೆ ಕಳಿಸುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಸಕ್ಕರೆ ಮಾಡುವ ಕಾರ್ಖಾನೆ ಅಲ್ಲಿಗೆ ಮುಚ್ಚಿತು.

1992ರಲ್ಲಿ ಅಮೆರಿಕದ ಸಂಶೋಧಕರು ಸಾಗುವಳಿಯ ಸೋಯಾವನ್ನು ಕಾಡು ಸೋಯಾದೊಡನೆ ಕೂಡಿಸಿ ಹುಡುಕಿದಾಗ, ಸಸಾರಜನಕವನ್ನು ಬಲವಾಗಿ ಏರಿಸುವ ಒಂದು ಅನುವಂಶಿಕ ನೆಲೆ ಸಿಕ್ಕಿತು. ಈಗ ಅದನ್ನು 20ನೆಯ ವರ್ಣತಂತುವಿನಲ್ಲಿ ಗುರುತಿಸಲಾಗಿದೆ. ಸಂತೋಷದ ಸುದ್ದಿಯೇ. ಆದರೆ ಕಾಡು ಗಿಡದ ಆ ಗುಣ ಬಂದಲ್ಲಿ ಎಣ್ಣೆ ತಗ್ಗುತ್ತದೆ, ಅನೇಕ ವೇಳೆ ಇಳುವರಿಯೂ ತಗ್ಗುತ್ತದೆ.

ಕೂಡಿಸುವ ಕೆಲಸವೆಂದರೆ ತಾಳ್ಮೆಯ ಕೆಲಸ. ಸೋಯಾ ಹೂ ಉದ್ದಿನ ಹೂವಿಗಿಂತಲೂ ಚಿಕ್ಕದು, ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದುಬಿಡುತ್ತದೆ. ಆದುದರಿಂದ ಮೊಗ್ಗಿರುವಾಗಲೇ ಚಿಮಟದಿಂದ ದಳಗಳನ್ನು ಬಿಡಿಸಿ ಬೇರೆ ಗಿಡದ ಪರಾಗವನ್ನು ಸವರಬೇಕು. ಹಾಗೆ ಮಾಡಿದ ಹೂಗಳಲ್ಲಿ ಎಷ್ಟೋ ಉದುರಿಹೋಗುತ್ತವೆ. ನಿಂತ ಕಾಯಿ ನಿಜವಾಗಿ ಬೆರಕೆಯದೋ ಅಲ್ಲವೋ ಎಂದು ತಿಳಿಯಲು ಒಂದು ಚಂದದ ಉಪಾಯವಿದೆ. ಬಿಳಿ ಹೂವಿನ ಗಿಡಕ್ಕೆ ನೇರಳೆ ಹೂವಿನ ಗಿಡದ ಪರಾಗ ಕೊಡುವುದು. ಮುಂದಿನ ಗಿಡ ನೇರಳೆ ಹೂ ಬಿಟ್ಟರೆ ಕೆಲಸ ಗೆದ್ದಿತು. ಬಿಳಿಯಾದರೆ ತಾಯಿ ಹೂ ನಮ್ಮನ್ನು ಮೋಸಮಾಡಿತೆಂದು ಅರ್ಥ! ಅಲ್ಲಿಂದ ಮುಂದೆ ಐದಾರು ತಲೆಮಾರು ಆರಿಸುತ್ತ ಹೋಗಬೇಕು, ಆಮೇಲೆ ಹಲವು ಊರುಗಳಲ್ಲಿ ಬೆಳೆದು ನೋಡಬೇಕು. ಹತ್ತು ವರ್ಷ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಸೋಯಾ ಬೆಳೆಯುವುದು ಮುಖ್ಯವಾಗಿ ಬೀದರ, ಬೆಳಗಾವಿ, ಧಾರವಾಡಗಳ ಕಡೆ. ಅಲ್ಲಿ ಸತ್ವದ ಮಾತಿಗಿಂತ ಮೊದಲು ಬೆಳೆ ಉಳಿಯುವುದೇ ಪ್ರಶ್ನೆಯಾಯಿತು. ಜಬಲ್ಪುರದಿಂದ ಬಂದ ಜೆ.ಎಸ್. 335 ಎಂಬ ತಳಿ 1990ರ ದಶಕದಿಂದ ಹೊಲಗಳನ್ನೆಲ್ಲ ಆವರಿಸಿತ್ತು. ಇಳುವರಿ ಒಳ್ಳೆಯದು, ಆದರೆ ತುಕ್ಕು ರೋಗಕ್ಕೆ ಸುಲಭದ ತುತ್ತು. ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಈ ರೋಗ ಎಷ್ಟು ಖಚಿತವಾಗಿ ಬರುತ್ತದೆಂದರೆ, ತಳಿಗಳನ್ನು ಪರೀಕ್ಷೆ ಮಾಡಲು ಅದೇ ತಕ್ಕ ಜಾಗವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಜೆ.ಎಸ್. 335ನ್ನು ಇ.ಸಿ. 241778 ಎಂಬ, ತುಕ್ಕು ತಡೆಯುವ ಸಾಲಿನೊಡನೆ ಕೂಡಿಸಿ ಡಿ.ಎಸ್.ಬಿ. 21 ಎಂಬ ತಳಿಯನ್ನು ಪಡೆದರು. ಹಳೆಯ ತಳಿಯ ಇಳುವರಿ, ಹೊಸದರ ತಡೆ. ಎರಡು ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸಲು ಆಗುತ್ತದೆಂಬುದಕ್ಕೆ ಇದು ನಮ್ಮಲ್ಲಿಯದೇ ಸಾಕ್ಷಿ. ಸಸಾರಜನಕದ ವಿಷಯದಲ್ಲಿ ಮಾತ್ರ ಗಂಟು ಇನ್ನಷ್ಟು ಬಿಗಿ.

ಒಂದು ಲೆಕ್ಕ ಮಾಡೋಣ. ಎಕರೆಗೆ 5 ಕ್ವಿಂಟಾಲ್ ಕೊಡುವ ತಳಿಯಲ್ಲಿ ನೂರಕ್ಕೆ 40 ಸಸಾರಜನಕವೆನ್ನಿ. ಒಟ್ಟು 200 ಕಿಲೋ ಆಯಿತು. ಇನ್ನೊಂದರಲ್ಲಿ 43 ಉಂಟು, ಆದರೆ ಇಳುವರಿ ನಾಲ್ಕೂವರೆ ಕ್ವಿಂಟಾಲ್. ಒಟ್ಟು 193 ಕಿಲೋವಿಗೆ ಚೂರು ಹೆಚ್ಚು. ಸತ್ವದ ತಳಿಯೆಂದು ಹೆಸರು ಪಡೆದದ್ದು ಎಕರೆಯ ಲೆಕ್ಕದಲ್ಲಿ ಸೋತಿತು. ಆದ್ದರಿಂದ ನೂರಕ್ಕೆ ಎಷ್ಟು ಎಂಬುದೊಂದನ್ನೇ ನೋಡಿ ತಳಿಯನ್ನು ಹೊಗಳುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಇಳುವರಿ ಬಿಡದೆ ಒಂದೆರಡು ಅಂಶ ಏರಿಸಿದ ತಳಿಯೇ ದೊಡ್ಡ ಗೆಲುವು.

ರೈತನ ಕಷ್ಟ ಇನ್ನೂ ಒಂದಿದೆ. ಮಾರುಕಟ್ಟೆಯಲ್ಲಿ ಅವನ ಚೀಲವನ್ನು ತೂಗುತ್ತಾರೆ, ತೇವ ಎಷ್ಟೆಂದು ನೋಡುತ್ತಾರೆ, ಕಸಕಡ್ಡಿ ನೋಡುತ್ತಾರೆ. ಅದೇ ಕಾಳು ಗಾಣಕ್ಕೆ ಹೋಗಿ ಹಿಂಡಿಯಾದ ಮೇಲೆ ಮೇವಿನ ಕಾರ್ಖಾನೆಯವರು ಕೇಳುವ ಮೊದಲ ಪ್ರಶ್ನೆ, ಸಸಾರಜನಕ ಎಷ್ಟು? ಆ ಬೆಲೆ ಹೊಲದವರೆಗೆ ಬರುವುದಿಲ್ಲ. ಕಾಳನ್ನು ಅರೆಯದೆ, ಬೆಳಕು ಹಾಯಿಸಿಯೇ ಒಂದೆರಡು ನಿಮಿಷದಲ್ಲಿ ಸಸಾರಜನಕ ಅಳೆಯುವ ಯಂತ್ರಗಳು ಈಗ ಇವೆ. ತಳಿ ಆರಿಸುವವರು ಅದನ್ನು ದಿನವೂ ಬಳಸುತ್ತಾರೆ. ಅಂಥದೊಂದು ಯಂತ್ರ ಬೀದರದ ಮಾರುಕಟ್ಟೆಯ ತಕ್ಕಡಿಯ ಪಕ್ಕದಲ್ಲಿ ನಿಂತು, ಅದು ತೋರಿಸಿದ ಅಂಕಿಗೆ ತಕ್ಕ ದರ ಸಿಗುವಂತಾದರೆ, ಬೀಜ ಕೊಳ್ಳಲು ಹೋದ ರೈತ ಇಳುವರಿಯ ಜೊತೆಗೆ ಸಸಾರಜನಕವನ್ನೂ ಕೇಳಿಯಾನು.