ಕೆಲಸ ಕೊಡುವವರೂ ಕೇಳುವವರೂ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸುವವರ ಕಿವಿಗೆ ಎರಡು ಮಾತುಗಳು ಪದೇ ಪದೇ ಬೀಳುತ್ತವೆ. ಜಮೀನುಳ್ಳವರೂ ಆಲೆಮನೆಯವರೂ ಅಂಗಡಿಯವರೂ ‘ಆಳು ಸಿಕ್ಕುವುದಿಲ್ಲ’ ಎನ್ನುತ್ತಾರೆ. ಅವರ ಮಕ್ಕಳೂ ತಮ್ಮಂದಿರೂ ‘ಕೆಲಸ ಸಿಕ್ಕುವುದಿಲ್ಲ’ ಎನ್ನುತ್ತಾರೆ. ಒಂದೇ ಮನೆಯ ಜಗಲಿಯ ಮೇಲೆ ಈ ಎರಡು ಮಾತುಗಳೂ ಕೇಳಿಬರುವುದುಂಟು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಎರಡೂ ಏಕಕಾಲದಲ್ಲಿ ನಿಜವಾಗಿರುವುದು ಹೇಗೆಂಬುದನ್ನು ಈ ಹೊತ್ತು ಕೊಂಚ ವಿಚಾರಿಸೋಣ. ಈ ಉಪನ್ಯಾಸವನ್ನು ಕೇಳುತ್ತಿರುವ ನಗರವಾಸಿಗಳಲ್ಲಿ ಅನೇಕರು ಈ ತಾಲ್ಲೂಕುಗಳಿಂದ ಬಂದವರು. ಇನ್ನು ಅನೇಕರು ಅಲ್ಲಿಂದ ಬಂದವರನ್ನು ಕೆಲಸಕ್ಕೆ ಇಟ್ಟುಕೊಂಡವರು. ಆದ್ದರಿಂದ ವಿಷಯವು ಯಾರಿಗೂ ಹೊರಗಿನದಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸ ಕೊಡುವವನಿಗೆ ಎದುರಿಗೆ ನಿಂತವನ ಕೈಯ ಕೆಲಸವನ್ನು ನೋಡುವ ಅಭ್ಯಾಸ ತಪ್ಪಿದೆ. ಕೇಳುವವನಿಗೆ ತನ್ನ ಕೈಯ ಕೆಲಸವನ್ನು ತೋರಿಸುವ ಅಭ್ಯಾಸ ಬಂದೇ ಇಲ್ಲ. ಈ ಎರಡರ ನಡುವಣ ಖಾಲಿ ಜಾಗದಲ್ಲಿ ಮೂರನೆಯವನೊಬ್ಬನು ಕುಳಿತಿದ್ದಾನೆ. ಒಂದು ಕಡೆ ಅವನ ಹೆಸರು ಶಿಫಾರಸು, ಇನ್ನೊಂದು ಕಡೆ ಮೇಸ್ತ್ರಿ, ಮತ್ತೊಂದು ಕಡೆ ದಲ್ಲಾಳಿ.

ಹಿಂದೆ ಈ ಸೀಮೆಯಲ್ಲಿ ಜನರನ್ನು ಕೆಲಸಕ್ಕೆ ಹುಡುಕಿದ ಬಗೆ ಸ್ವಾರಸ್ಯವಾಗಿದೆ. ಟೀಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ರಾಯಭಾರಿಗಳು ೧೭೮೮ರಲ್ಲಿ ಫ್ರಾನ್ಸ್ ದೇಶದ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಸೈನ್ಯದ ನೆರವನ್ನು ಕೇಳಿದ್ದು ಎಲ್ಲರಿಗೂ ತಿಳಿದ ವಿಷಯ. ಅದರ ಜತೆಯಲ್ಲಿ ಗಡಿಯಾರ ಮಾಡುವವರು, ಪಿಂಗಾಣಿ ಮಾಡುವವರು, ನೇಕಾರರು ಮೊದಲಾದ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಬರಲಿಲ್ಲ; ಕೆಲವು ಕುಶಲಕರ್ಮಿಗಳು ಬಂದರು. ಫ್ರೆಂಚ್ ಸಿಪಾಯಿಗಳು ಬಿಡಾರ ಹೂಡಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ನಿಂತಿತ್ತು. ಈಗಿನ ಪಾಂಡವಪುರವೇ ಅದು. ಸುಲ್ತಾನನ ರಾಜನೀತಿಯನ್ನು ಕುರಿತು ಚರಿತ್ರಕಾರರು ವಾದಿಸಲಿ; ನಮಗೆ ಬೇಕಾದದ್ದು ಇಷ್ಟೆ: ಇಂಥ ಕೆಲಸ ಬಲ್ಲವನು ಬೇಕು ಎಂದು ಕೆಲಸದ ಹೆಸರು ಹಿಡಿದು ಕೇಳಿದ ಉದಾಹರಣೆ ಇದು. ಇಂದಿನ ಎಷ್ಟೋ ಜಾಹೀರಾತುಗಳಲ್ಲಿ ‘ಉತ್ಸಾಹಿ ಯುವಕರು ಬೇಕಾಗಿದ್ದಾರೆ’ ಎಂಬುದರ ಹೊರತು ಮತ್ತೇನೂ ಇರುವುದಿಲ್ಲ. ಉತ್ಸಾಹದಿಂದ ಏನು ಮಾಡಬೇಕೆಂಬುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯತಕ್ಕದ್ದು!

೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದಾಗ ಸುಮಾರು ಹತ್ತು ಸಾವಿರ ಜನ ಅಲ್ಲಿ ದುಡಿದರು. ಕಲ್ಲು ಒಡೆಯುವವನನ್ನು ಕಲ್ಲು ಒಡೆಸಿ ನೋಡಿದರೆ ಆಯಿತು. ಅಲ್ಲಿ ಪರೀಕ್ಷೆ ಸುಲಭ. ಕಚೇರಿಯ ಕೆಲಸಕ್ಕೆ ಜನರನ್ನು ಆರಿಸುವುದು ಕಷ್ಟ. ಮೈಸೂರು ಸಂಸ್ಥಾನದಲ್ಲಿ ೧೮೯೧ರಲ್ಲಿಯೇ ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಬಂದಿತು. ಶಿಫಾರಸಿಗಿಂತ ಅದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪರೀಕ್ಷೆಯು ಶಾಲೆ ಕೊಟ್ಟದ್ದನ್ನು ಅಳೆಯುತ್ತದೆಯೇ ಹೊರತು ಶಾಲೆಯೇ ಇಲ್ಲದ ಹಳ್ಳಿಯ ಹುಡುಗನ ಬುದ್ಧಿಯನ್ನು ಅಳೆಯಲಾರದು. ಈ ಕೊರತೆಯನ್ನು ವಿಚಾರಿಸುವುದಕ್ಕಾಗಿ ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟೂ ಬ್ರಾಹ್ಮಣೇತರ ಸಮಾಜಗಳಿಗೆ ದೊರೆಯತಕ್ಕದ್ದೆಂದು ಅದು ಹೇಳಿತು. ಯೋಗ್ಯತೆಯೊಂದೇ ಆಧಾರವಾಗಿರಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಅಧಿಕಾರವನ್ನು ಬಿಟ್ಟರು. ಆ ವಾದವನ್ನು ನಾವು ಇಲ್ಲಿ ತೀರಿಸಹೊರಟಿಲ್ಲ. ಒಕ್ಕಲಿಗರೂ ಇತರ ರೈತಾಪಿ ಜನರೂ ತುಂಬಿರುವ ಈ ನಾಲ್ಕು ತಾಲ್ಲೂಕುಗಳಿಗೆ ಸರ್ಕಾರಿ ಕಚೇರಿಯ ಬಾಗಿಲು ತೆರೆದದ್ದು ಅಲ್ಲಿಂದೀಚೆಗೆ ಎಂಬುದಂತೂ ನಿಜ.

ಬಾಗಿಲು ತೆರೆದ ಮೇಲೆ ಎಲ್ಲರ ದೃಷ್ಟಿಯೂ ಆ ಬಾಗಿಲಿನ ಮೇಲೆಯೇ ನೆಟ್ಟಿತು. ಇದಕ್ಕೆ ಕಾರಣವಿಲ್ಲದೆ ಇಲ್ಲ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಮೈಸೂರು ಸೈನ್ಯದ ಕಚೇರಿಯಲ್ಲಿ ದುಡಿದರು; ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತೆಯಾಗಿ ಜೀವನ ನಡೆಸಿದರು. ತಿಂಗಳ ಸಂಬಳ ಸಣ್ಣದಾದರೂ ತಪ್ಪದೆ ಬರುವುದು ಮಳೆಯನ್ನು ನಂಬಿದವನ ಮಗನಿಗೆ ಎಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ೧೯೧೩ರಲ್ಲಿ ಹುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ವೃತ್ತಿಯ ದಾರಿಯನ್ನು ನಮ್ಮ ತರುಣರು ಗಮನಿಸಬೇಕು. ಅವರ ಮೊದಲ ಕೆಲಸ ಮಂಡ್ಯದ ಪುರಸಭೆಯ ಶಾಲೆಯಲ್ಲಿ, ಅಲ್ಲಿಂದ ದಾವಣಗೆರೆ, ಆಮೇಲೆ ಬೆಂಗಳೂರಿನ ಹೈಸ್ಕೂಲು, ಅನಂತರ ವಿಜಯಾ ಕಾಲೇಜು. ನಿಘಂಟಿನ ಪ್ರಧಾನ ಸಂಪಾದಕತ್ವಕ್ಕೆ ಅವರು ಈ ದಾರಿಯಲ್ಲಿ ನಡೆದು ಬಂದರು. ದೊಡ್ಡ ಹುದ್ದೆಯ ಪ್ರಕಟಣೆ ಹೊರಡುವವರೆಗೆ ಮನೆಯಲ್ಲಿ ಕಾದು ಕುಳಿತವರು ಅವರಲ್ಲ.

ಕಾಯುವುದೇ ಈಗ ಒಂದು ಉದ್ಯೋಗವಾಗಿದೆ. ಪದವಿ ಪಡೆದು, ನಗರದಲ್ಲಿ ಕೊಠಡಿ ಹಿಡಿದು, ನಾಲ್ಕೈದು ವರ್ಷ ಪರೀಕ್ಷೆಗೆ ಓದುವ ತರುಣರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರನ್ನು ಹಾಸ್ಯ ಮಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಅವರಿಗೆ ಆಗಿರುವ ಅನ್ಯಾಯವೂ ಸಣ್ಣದಲ್ಲ. ೨೦೨೧ರ ಅಕ್ಟೋಬರಿನಲ್ಲಿ ೫೪೫ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಅದರಲ್ಲಿ ಅಕ್ರಮ ಬಯಲಾಗಿ ೨೦೨೨ರ ಏಪ್ರಿಲಿನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು ೨೦೨೪ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವನ ಎರಡು ವರ್ಷಕ್ಕೆ ಲೆಕ್ಕ ಕೊಟ್ಟವರಾರು? ೨೦೨೪ರ ಆಗಸ್ಟಿನಲ್ಲಿ ಲೋಕಸೇವಾ ಆಯೋಗವು ೩೮೪ ಹುದ್ದೆಗಳಿಗೆ ನಡೆಸಿದ ಪ್ರಾಥಮಿಕ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಅರ್ಥವಾಗದಷ್ಟು ಕೆಟ್ಟ ಅನುವಾದವಾಗಿದ್ದವು. ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಯಾಯಿತು. ಮತ್ತೆ ಅದೇ ದೂರು. ಕನ್ನಡ ನಾಡಿನ ಹುದ್ದೆಗೆ, ಕನ್ನಡದಲ್ಲಿ ಓದಿದ ನಾಗಮಂಗಲದ ಹುಡುಗಿಯು, ಕನ್ನಡದ ಪ್ರಶ್ನೆ ತಿಳಿಯದೆ ಇಂಗ್ಲಿಷನ್ನು ನೋಡಿ ಊಹಿಸಬೇಕಾದ ಸ್ಥಿತಿಯನ್ನು ಏನೆಂದು ಕರೆಯಬೇಕೋ ತಿಳಿಯದು. ಕೆಲಸ ಕೊಡುವವರಲ್ಲಿ ಸರ್ಕಾರವೇ ಎಲ್ಲರಿಗಿಂತ ದೊಡ್ಡದು. ಆರಿಸುವ ಕೆಲಸದಲ್ಲಿ ಅದು ತೋರುವ ಅಲಕ್ಷ್ಯವನ್ನು ಸಣ್ಣವರೂ ಕಲಿಯುತ್ತಾರೆ.

ಕಾಯುವವನ ಹತ್ತಿರಕ್ಕೆ ದಲ್ಲಾಳಿ ಬರುತ್ತಾನೆ. ಇಷ್ಟು ಲಕ್ಷ ಕೊಟ್ಟರೆ ಇಂಥ ಹುದ್ದೆ ಎನ್ನುತ್ತಾನೆ. ತಂದೆಯು ಗದ್ದೆಯನ್ನು ಅಡವಿಡುತ್ತಾನೆ. ಈ ವಿಷಯದಲ್ಲಿ ಬಹಳ ಮಾತು ಬೇಡ: ಕೆಲಸ ಕೊಡುವುದಕ್ಕೆ ಹಣ ಕೇಳುವವನ ಹತ್ತಿರ ಕೊಡತಕ್ಕ ಕೆಲಸವಿರುವುದಿಲ್ಲ.

ಹೀಗಿದ್ದೂ ಊರಿನ ಕೆಲಸದ ಕಡೆಗೆ ತರುಣರು ತಿರುಗಿ ನೋಡದಿರುವುದೇಕೆ? ೨೦೨೩ರ ಫೆಬ್ರವರಿಯಲ್ಲಿ ಮಂಡ್ಯದ ಸೀಮೆಯ ಅವಿವಾಹಿತ ತರುಣರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ವ್ಯವಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲ. ದೇವರಾದರೂ ದಯೆ ತೋರಲಿ ಎಂಬುದು ಅವರ ಹರಕೆ. ಪತ್ರಿಕೆಗಳನ್ನು ಓದಿದ ನಗರದವರು ನಕ್ಕರು. ನಮಗೆ ನಗು ಬರಲಿಲ್ಲ. ಹೆಣ್ಣು ಹೆತ್ತವರು ವರನ ಕೆಲಸವನ್ನು ಕೇಳುವಾಗ ಅವನು ಏನು ಬಲ್ಲನೆಂದು ಕೇಳುವುದಿಲ್ಲ. ಎಲ್ಲಿಂದ ಸಂಬಳ ಬರುತ್ತದೆಂದು ಕೇಳುತ್ತಾರೆ. ಆ ಹೆಣ್ಣುಮಕ್ಕಳನ್ನೂ ನಾವು ದೂರಲಾರೆವು. ಬೆಳಗಿನ ಝಾವದಿಂದ ಕೊಟ್ಟಿಗೆಯಲ್ಲಿಯೂ ಗದ್ದೆಯಲ್ಲಿಯೂ ದುಡಿದ ತಾಯಿಯ ಕೈಗೆ ತನ್ನದೆನ್ನುವ ಒಂದು ರೂಪಾಯಿ ಬಾರದ್ದನ್ನು ಅವರು ಕಣ್ಣಾರೆ ನೋಡಿದ್ದಾರೆ. ಆದ್ದರಿಂದ ಇಪ್ಪತ್ತೈದು ವರ್ಷದ ಹುಡುಗನು ಊರಿನಲ್ಲಿ ಮಾಡುವ ಕೆಲಸವನ್ನು ಕೆಲಸವೆಂದು ಹೇಳಿಕೊಳ್ಳಲೂ ನಾಚುತ್ತಾನೆ. ಅರ್ಜಿಯಲ್ಲಿ ‘ಅನುಭವ’ ಎಂಬ ಕಡೆ ‘ಇಲ್ಲ’ ಎಂದು ಬರೆಯುತ್ತಾನೆ.

ಆ ‘ಇಲ್ಲ’ ಎಂಬ ಮಾತು ಎಷ್ಟು ಅಸತ್ಯವೆಂಬುದನ್ನು ಆಲೆಮನೆಯೊಂದನ್ನು ನೋಡಿದರೆ ತಿಳಿಯಬಹುದು. ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಕಬ್ಬನ್ನು ಗಾಣಕ್ಕೆ ಕೊಡುವುದು ಮೊದಲ್ಗೊಂಡು ಅಚ್ಚಿನಿಂದ ಬೆಲ್ಲ ಬಿಡಿಸುವವರೆಗೆ ಕೆಲಸ ಎಡೆಬಿಡದೆ ಸಾಗುತ್ತದೆ. ಕೊಪ್ಪರಿಗೆಯ ಮುಂದೆ ನಿಂತವನು ಹಾಲಿನ ಮೇಲೆ ಏಳುವ ಕಶ್ಮಲವನ್ನು ತೆಗೆಯಬೇಕು. ಸುಣ್ಣವನ್ನು ಎಷ್ಟು, ಯಾವಾಗ ಹಾಕಬೇಕೆಂದು ತಿಳಿದಿರಬೇಕು. ಒಲೆಗೆ ಸಿಪ್ಪೆ ನೂಕುವವನಿಗೆ ಉರಿ ಏರಿಸೆಂದು, ಇಳಿಸೆಂದು ಹೇಳುತ್ತಿರಬೇಕು. ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಿನಲ್ಲಿ ಹೊರಳಿಸಿ, ಹದ ಬಂತೋ ಇಲ್ಲವೋ ಎಂದು ನಿರ್ಧರಿಸಬೇಕು. ನಿರ್ಧಾರ ಕೊಂಚ ತಡವಾದರೆ ಕೊಪ್ಪರಿಗೆಯ ಪಾಕವೆಲ್ಲ ಸೀದು ಹೋಗುತ್ತದೆ. ಅದರ ಜತೆಗೆ ಕಬ್ಬಿನ ತೂಕ, ಆಳುಗಳ ಕೂಲಿ, ಮಂಡಿಯ ಧಾರಣೆ, ಇವುಗಳ ಲೆಕ್ಕ ಬೇರೆ. ತಂದೆಯ ಆಲೆಮನೆಯಲ್ಲಿ ಮೂರು ಹಂಗಾಮು ಈ ಲೆಕ್ಕ ಬರೆದ ಹುಡುಗನಿಗೆ ಅನುಭವವಿಲ್ಲವೆಂದರೆ ಯಾರಿಗುಂಟು? ಅರ್ಜಿಯಲ್ಲಿ ಅವನು ಅದನ್ನೇ ಬರೆಯಲಿ: ದಿನಕ್ಕೆ ಎಷ್ಟು ಟನ್ನು ಕಬ್ಬು, ಎಷ್ಟು ಜನ ಆಳು, ಲೆಕ್ಕವನ್ನು ಹೇಗೆ ಇಟ್ಟೆ, ಏನು ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂದು. ಬೇರೆಯವರ ಅರ್ಜಿಯನ್ನು ನಕಲು ಮಾಡಿ ‘ನಾನು ಕಷ್ಟಪಟ್ಟು ದುಡಿಯುವ ಸ್ವಭಾವದವನು’ ಎಂದು ಬರೆಯುವುದಕ್ಕಿಂತ ಇದು ನೂರು ಪಾಲು ಮೇಲು. ಸ್ವಭಾವವನ್ನು ಯಾರಾದರೂ ಬರೆದುಕೊಳ್ಳಬಹುದು. ಕಬ್ಬಿನ ತೂಕವನ್ನು ಕಂಡವನೇ ಬರೆಯಬೇಕು. ಹಾಲಿನ ಡೇರಿಯ ಲೆಕ್ಕ ಬರೆದ ಹುಡುಗಿಗೂ, ಪಂಪುಸೆಟ್ಟು ಬಿಚ್ಚಿ ಕಟ್ಟುವ ಹುಡುಗನಿಗೂ ಇದೇ ಮಾತು. ನಾಗಮಂಗಲದ ಎರಕದವರು ಹಿಂದಿನಿಂದಲೂ ಹೆಸರಾದವರು. ಅಲ್ಲಿ ಕೈಕೆಲಸವೇ ಅರ್ಜಿ.

ಇನ್ನು ಆಲೆಮನೆಯವರಿಗೂ ಒಂದು ಮಾತು. ಈಚಿನ ವರ್ಷಗಳಲ್ಲಿ ಉತ್ತರಪ್ರದೇಶದಿಂದ ಬಂದ ಕೆಲಸಗಾರರೇ ಎಷ್ಟೋ ಒಲೆಗಳನ್ನು ನಡೆಸುತ್ತಿದ್ದಾರೆ. ಕಬ್ಬು ಕಡಿಯುವುದಕ್ಕೂ ಹೊರಗಿನ ತಂಡಗಳು ಬರುತ್ತವೆ. ಮೇಸ್ತ್ರಿಯ ಕೈಗೆ ಮುಂಗಡ ಕೊಡುವುದು, ಮೇಸ್ತ್ರಿ ಜನರನ್ನು ತರುವುದು, ಮುಂಗಡ ತೀರುವವರೆಗೆ ಅವರು ದುಡಿಯುವುದು, ಇದು ವಾಡಿಕೆ. ಯಾರಿಗೆ ಎಷ್ಟು ಸಂದಿತೆಂಬುದು ಮೇಸ್ತ್ರಿಗೆ ಮಾತ್ರ ಗೊತ್ತು. ಸಾಲ ತೀರುವವರೆಗೆ ಮನುಷ್ಯನನ್ನು ಹಿಡಿದಿಡುವುದನ್ನು ೧೯೭೬ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಅಪರಾಧವೆಂದು ಹೇಳಿದೆ. ಕಾಯಿದೆಯ ಮಾತು ಹಾಗಿರಲಿ. ಮುಂಗಡದ ಲೆಕ್ಕದಲ್ಲಿ ಕಟ್ಟುಬಿದ್ದ ಕೆಲಸಕ್ಕೆ ಊರಿನ ಓದಿದ ಹುಡುಗನು ಬರುವನೆಂದು ಹೇಗೆ ನಿರೀಕ್ಷಿಸುವುದು? ದಿನಕ್ಕೆ ಇಷ್ಟು ಗಂಟೆ, ವಾರಕ್ಕೆ ಒಂದು ದಿನ ಬಿಡುವು, ಇಂತಿಷ್ಟು ಸಂಬಳ, ಇಂಥ ತಾರೀಕಿಗೆ, ಅವನ ಸ್ವಂತ ಖಾತೆಗೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ನೋಡಲಿ. ಎಲ್ಲರೂ ಬಂದುಬಿಡುವರೆಂದು ನಾವು ಹೇಳುವುದಿಲ್ಲ. ಇಬ್ಬರು ಬಂದರೂ ಮೇಸ್ತ್ರಿಯ ಹಂಗು ಅಷ್ಟು ಕಡಮೆ.

ಬರೆದುಕೊಡುವುದು ಈಗ ಬರಿಯ ಮರ್ಯಾದೆಯ ಮಾತಲ್ಲ. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಯು ಪ್ರತಿಯೊಬ್ಬನಿಗೂ ನೇಮಕದ ಪತ್ರವನ್ನು ಕೊಡತಕ್ಕದ್ದು. ಕೇಳಿದರೆ ಮಾಲೀಕರು ಬೇಸರಪಡುತ್ತಾರೆಂದು ತರುಣರು ಹಿಂಜರಿಯಬಾರದು. ಅಂಕಪಟ್ಟಿಯ ಮೂಲಪ್ರತಿಯನ್ನು ‘ಭದ್ರತೆಗೆ’ ಇಟ್ಟುಕೊಳ್ಳುತ್ತೇವೆನ್ನುವವರಿಗೆ ನಕಲನ್ನು ಕೊಟ್ಟು, ಮೂಲವನ್ನು ತೋರಿಸಿ, ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು. ಮೂಲವನ್ನೇ ಒತ್ತಾಯಿಸುವ ಕಡೆ ಸೇರದಿರುವುದೇ ಕ್ಷೇಮ.

ನಗರದ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಜನರನ್ನು ಆರಿಸುವ ಶ್ರೋತೃಗಳು ಸಂದರ್ಶನದಲ್ಲಿ ಇಂಗ್ಲಿಷಿನ ನಿರರ್ಗಳತೆಯನ್ನು ಕೊಂಚ ಪಕ್ಕಕ್ಕಿಡಬೇಕೆಂದು ನಮ್ಮ ಬಿನ್ನಹ. ಲೆಕ್ಕದವನು ಬೇಕಾದರೆ ಒಂದು ಗಂಟೆ ಲೆಕ್ಕ ಬರೆಸಿ ನೋಡಿ. ಆ ಗಂಟೆಗೆ ಹಣ ಕೊಡಿ. ‘ಪರೀಕ್ಷಾರ್ಥ’ ಎಂದು ವಾರಗಟ್ಟಲೆ ಬಿಟ್ಟಿ ದುಡಿಸಿ ಕಳುಹಿಸುವುದು ಪರೀಕ್ಷೆಯಲ್ಲ. ಆರಿಸದಿದ್ದವರಿಗೆ ಎರಡು ಸಾಲಿನ ಉತ್ತರ ಬರೆಯಿರಿ. ಕೃಷ್ಣರಾಜಪೇಟೆಯಿಂದ ಬಸ್ಸು ಹಿಡಿದು ಬಂದು ಹೋದವನು ತಿಂಗಳುಗಟ್ಟಲೆ ಆ ಉತ್ತರಕ್ಕಾಗಿ ಬೇರೆ ಕೆಲಸವನ್ನು ಬಿಟ್ಟು ಕಾಯುತ್ತಿರುತ್ತಾನೆ.

ಕೆಲಸ ಬಿಟ್ಟು ಹೋಗುವವನ ಮಾತೊಂದು ಉಳಿಯಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ನಿಂತು, ನಡೆದು, ಮತ್ತೆ ನಿಂತು, ಕಡೆಗೆ ೨೦೨೦ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಾರ್ಖಾನೆ ಯಾವುದೇ ಆಗಲಿ, ಹೀಗೆ ಬಾಗಿಲು ಮುಚ್ಚಿದ ದಿನ ಅಲ್ಲಿನ ಕೆಲಸಗಾರನ ವಿದ್ಯೆಯೇನೂ ಮುಚ್ಚಿಹೋಗುವುದಿಲ್ಲ. ಅದನ್ನು ಹೇಳುವ ಕಾಗದ ಮಾತ್ರ ಅವನ ಕೈಯಲ್ಲಿರುವುದಿಲ್ಲ. ಆದಕಾರಣ, ಕೆಲಸದಲ್ಲಿರುವಾಗಲೇ ವರ್ಷಕ್ಕೊಮ್ಮೆ ಒಂದು ಪ್ರಮಾಣಪತ್ರವನ್ನು ಬರೆಯಿಸಿಕೊಂಡಿರಬೇಕು: ಸೇರಿದ ತಾರೀಕು, ನಡೆಸಿದ ಯಂತ್ರ ಅಥವಾ ಬರೆದ ಲೆಕ್ಕ, ಕೈಕೆಳಗೆ ಇದ್ದ ಜನರ ಸಂಖ್ಯೆ, ಮೇಲಧಿಕಾರಿಯ ರುಜು ಮತ್ತು ಮೊಹರು. ಒಂದು ಪ್ರತಿ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಊರಿನ ಮನೆಯಲ್ಲಿ.