ದುಡಿಯುವ ಕೈ ಬರೆಯುವುದು ಹೇಗೆ?

(ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಗಾರರೂ ಗಾರ್ಮೆಂಟ್ಸ್ ಕಾರ್ಮಿಕರೂ ಪೇಟೆಯ ಚಿಕ್ಕ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ.)



ಈ ಸಭೆಗೆ ಕರೆಯಲು ಬಂದ ಗೆಳೆಯರು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. "ನಮ್ಮಲ್ಲಿ ನಾಲ್ಕಾರು ಮಂದಿಗೆ ಬರೆಯುವ ಆಸೆ ಉಂಟು. ಪಾಳಿ ಮುಗಿಸಿ ಬಂದು ನೋಟ್‌ಬುಕ್ ತೆರೆದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಲು ನಾಚಿಕೆ. ದೊಡ್ಡ ಸಾಹಿತಿಗಳು ಹೇಗೆ ಬರೆದರು, ಅವರಿಗೆ ಧೈರ್ಯ ಹೇಳಿದವರು ಯಾರು, ಅದನ್ನು ಸ್ವಲ್ಪ ತಿಳಿಸಿ" ಎಂದರು. ಕೂಲಿ, ಬೋನಸ್ಸು, ಕರೆಂಟ್ ಬಿಲ್ಲಿನ ಮಾತು ಬಿಟ್ಟು ಕಾರ್ಮಿಕರ ಸಭೆಯಲ್ಲಿ ಇದೇನು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಕೂಲಿಯ ಮಾತಿಗೂ ಇದಕ್ಕೂ ನಂಟು ಉಂಟು; ಅದನ್ನು ಮುಂದೆ ಹೇಳುತ್ತೇನೆ.

ಸಾಹಿತಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಕಿಟಕಿಯ ಬಳಿ ಮೇಜು, ಹೊರಗೆ ಬೆಟ್ಟ, ಕೈಯಲ್ಲಿ ಕಾಫಿ, ಒಳಗಿಂದ ಸ್ಫೂರ್ತಿ ಬರುವವರೆಗೂ ಕಾಯುವ ವಿರಾಮ. ಈ ಚಿತ್ರವನ್ನು ಬಿಡಿಸಿದವರು ಯಾರೋ ತಿಳಿಯದು. ಇದನ್ನು ನಂಬಿದವರ ಪೈಕಿ ದುಡಿಯುವ ಜನವೇ ಹೆಚ್ಚು. ನಂಬಿ, "ನಮಗೆಲ್ಲಿಂದ ಬರಬೇಕು" ಎಂದು ಸುಮ್ಮನಾದರು. ಹಾಗೆ ಕೂತು ಬರೆದವರೂ ಇದ್ದಾರು. ಆದರೆ ನಮ್ಮ ಪಕ್ಕದ ದೇವನಹಳ್ಳಿಯನ್ನು ಹೆಸರಿನಲ್ಲೇ ಹೊತ್ತಿದ್ದ ಒಬ್ಬರನ್ನು ನೋಡಿ. ಡಿ.ವಿ.ಜಿ. ಎಂಬ ಮೂರು ಅಕ್ಷರಗಳಲ್ಲಿ ಮೊದಲನೆಯದು ದೇವನಹಳ್ಳಿಯೇ. ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರಲ್ಲಿ. ಮೆಟ್ರಿಕ್ ಪರೀಕ್ಷೆ ದಾಟಲಿಲ್ಲ. ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದರು. 'ಮಂಕುತಿಮ್ಮನ ಕಗ್ಗ' ಹೊರಬಂದದ್ದು 1943ರಲ್ಲಿ. ಆಗ ಅವರಿಗೆ ಐವತ್ತಾರು ವರ್ಷ. ರಾಜಕೀಯದಲ್ಲಿ ಅವರ ದಾರಿ ಬೇರೆ, ನಮ್ಮದು ಬೇರೆ. ಆ ಜಗಳ ಇನ್ನೊಂದು ದಿನಕ್ಕಿರಲಿ. ಪತ್ರಿಕೆಯ ಕೆಲಸದವನು ಮನಸ್ಸು ಬಂದಾಗ ಬರೆಯುತ್ತೇನೆ ಎಂದರೆ ನಡೆಯುವುದಿಲ್ಲ, ಅಚ್ಚಿನ ಹೊತ್ತಿಗೆ ಪ್ರತಿ ಸಿದ್ಧವಾಗಬೇಕು. ಆ ಕಟ್ಟುಪಾಡಿನಲ್ಲಿ ಪಳಗಿದ ಕೈ ಅದು. ಮಗ್ಗದ ಮುಂದೆ ಕೂತವರಿಗೆ ಆ ಕಟ್ಟುಪಾಡನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಮಾತಿನ ವಿಷಯ. "ನಮ್ಮ ಭಾಷೆ ಒರಟು, ಪುಸ್ತಕದ ಕನ್ನಡ ಬಾರದು" ಎನ್ನುವವರು ಬಹಳ ಮಂದಿ. ಹನ್ನೆರಡನೆಯ ಶತಮಾನದ ವಚನಕಾರರ ಹೆಸರುಗಳನ್ನು ಒಮ್ಮೆ ಓದಿಕೊಳ್ಳಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹೆಂಡದ ಮಾರಯ್ಯ, ಸೂಜಿಕಾಯಕದ ರಾಮಿತಂದೆ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಕಸುಬೇ ಅವರ ಹೆಸರು. ರೆಮ್ಮವ್ವೆ ನೂಲುವ ಹೆಂಗಸು; ರಾಟೆ, ಕದಿರು, ನೂಲು ಇವೇ ಅವಳ ವಚನದ ಸಾಮಗ್ರಿ. ಅದಕ್ಕೂ ಹಿಂದೆ ಮುದನೂರಿನ ದಾಸಿಮಯ್ಯ, ನೇಕಾರ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ ಅಲ್ಲವೇ ಎಂದು ವಿದ್ವಾಂಸರು ವಾದಿಸಿಕೊಂಡಿದ್ದಾರೆ, ವಾದಿಸಲಿ. ನಮ್ಮೂರಿನ ನೇಕಾರರು ಅವನ ಜಯಂತಿಗೆ ಮೆರವಣಿಗೆ ತೆಗೆಯುತ್ತೀರಿ, ಹಾರ ಹಾಕುತ್ತೀರಿ. ಹಾರ ಹಾಕಿಸಿಕೊಳ್ಳುತ್ತಿರುವವನು ಬರೆಯುತ್ತಿದ್ದವನು ಎಂಬುದು ಆ ಗದ್ದಲದಲ್ಲಿ ಮರೆತುಹೋಗುತ್ತದೆ.

ಇವರಿಂದ ಕಲಿಯಬೇಕಾದ ಅಭ್ಯಾಸ ಒಂದು: ತನ್ನ ಕೈಗೆ ಗೊತ್ತಿರುವ ಮಾತಿನಲ್ಲೇ ಹೇಳುವುದು. ಹಾಸು, ಹೊಕ್ಕು, ಲಾಳಿ, ಎಳೆ, ಗಂಟು ಎನ್ನುವ ಮಾತುಗಳು ನಮಗೆ ನಿಘಂಟಿನಿಂದ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಎಳೆ ಹರಿದು ಮಗ್ಗ ನಿಂತಾಗ ಬೆರಳು ತಾನಾಗಿ ಹುಡುಕುವುದು ಏನನ್ನು ಎಂದು ಬೆಂಗಳೂರಿನ ಪ್ರೊಫೆಸರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅದನ್ನು ಬಿಟ್ಟು ಬೆಳದಿಂಗಳ ಮೇಲೆ ಬರೆಯಲು ಹೋಗುತ್ತೀರಿ. ಬೆಳದಿಂಗಳ ಮೇಲೆ ಬರೆದವರು ಸಾಕಷ್ಟು ಮಂದಿ ಇದ್ದಾರೆ.

ಈಗ ಧೈರ್ಯದ ಮಾತು. ಇದರಲ್ಲಿ ಗೋರ್ಕಿಯ ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಪ್ರಗತಿಶೀಲ ಲೇಖಕರೆಲ್ಲ ಅವನ ಹೆಸರನ್ನು ಜಪಿಸಿದವರೇ. ಆದರೆ ಅವನಿಗೆ ಪ್ರೋತ್ಸಾಹ ಕೊಟ್ಟವರು ಯಾರು ಎಂಬುದನ್ನು ಹೇಳುವವರು ಕಡಿಮೆ. ಅವನು ಹುಟ್ಟಿದ್ದು 1868ರಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡ. ಹುಡುಗ ವೋಲ್ಗಾ ನದಿಯ ಹಡಗಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ. ಆ ಹಡಗಿನಲ್ಲಿ ಸ್ಮೂರಿ ಎಂಬ ಅಡುಗೆಯವನಿದ್ದ. ಅವನ ಬಳಿ ಒಂದು ಪೆಟ್ಟಿಗೆ ತುಂಬ ಪುಸ್ತಕಗಳಿದ್ದವು. ಅವನು ಪಾತ್ರೆ ತೊಳೆಯುವ ಹುಡುಗನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದ. ಇದು ಮೊದಲನೆಯ ಪ್ರೋತ್ಸಾಹ. ಕೊಟ್ಟವನು ವಿಮರ್ಶಕನಲ್ಲ, ಅಡುಗೆಭಟ್ಟ.

ಆಮೇಲೆ ಕಜಾನ್ ಪಟ್ಟಣದಲ್ಲಿ ಬ್ರೆಡ್ಡು ಸುಡುವ ನೆಲಮಾಳಿಗೆಯ ದುಡಿಮೆ. ವಿಶ್ವವಿದ್ಯಾಲಯ ಸೇರಬೇಕೆಂದು ಆ ಊರಿಗೆ ಹೋದವನು ಸೇರಿದ್ದು ಬೇಕರಿಯನ್ನು. ಮುಂದೆ ತನ್ನ ಆ ದಿನಗಳ ಪುಸ್ತಕಕ್ಕೆ 'ನನ್ನ ವಿಶ್ವವಿದ್ಯಾಲಯಗಳು' ಎಂದೇ ಹೆಸರಿಟ್ಟ. ಊರೂರು ಅಲೆದು ಕೊನೆಗೆ ತಿಫ್ಲಿಸ್‌ನ ರೈಲ್ವೆ ಕಾರ್ಯಾಗಾರಕ್ಕೆ ಬಂದ. ಅಲ್ಲಿ ಕಲ್ಯೂಜ್ನಿ ಎಂಬ ಕ್ರಾಂತಿಕಾರಿಯ ಮನೆಯಲ್ಲಿ ಇರುತ್ತಿದ್ದ. ತಾನು ಅಲೆದಾಟದಲ್ಲಿ ಕಂಡುಕೇಳಿದ್ದನ್ನು ಬಾಯಲ್ಲಿ ಬಣ್ಣಿಸಿ ಹೇಳುವುದು ಅವನ ರೂಢಿ. ಅದನ್ನು ಕೇಳಿದ ಕಲ್ಯೂಜ್ನಿ, ಹೇಳಿದ್ದನ್ನೆಲ್ಲ ಕಾಗದದ ಮೇಲೆ ಇಳಿಸು ಎಂದು ಹಿಡಿದು ಕೂರಿಸಿದ. 1892ರಲ್ಲಿ 'ಮಕರ್ ಚುದ್ರ' ಎಂಬ ಕತೆ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. 'ಗೋರ್ಕಿ' ಎಂಬ ಅಂಕಿತ ಮೊದಲು ಕಂಡದ್ದು ಆಗಲೇ. ಬೇಕರಿಯ ನೆಲಮಾಳಿಗೆಯೂ ವ್ಯರ್ಥವಾಗಲಿಲ್ಲ. 1899ರಲ್ಲಿ ಇಪ್ಪತ್ತಾರು ಜನ ಕೂಲಿಗಳ ಮೇಲೆ ಒಂದು ಕತೆಯಾಗಿ ಬಂತು. ಕಲ್ಯೂಜ್ನಿ ಎಂದರೆ ಯಾರು ಎಂದು ಇವತ್ತು ಕೇಳಿದರೆ ಗೋರ್ಕಿಯ ಹೆಸರನ್ನು ಹಿಡಿದೇ ಹೇಳಬೇಕು. ಆದರೆ ಅವನು ಕಿವಿಗೊಡದೆ ಇದ್ದಿದ್ದರೆ?

ನಮ್ಮಲ್ಲೂ ಇದಕ್ಕೆ ನಿದರ್ಶನಗಳುಂಟು. 1924ರಲ್ಲಿ ಮೈಸೂರಿನ ವಿದ್ಯಾರ್ಥಿಯೊಬ್ಬ ತಾನು ಬರೆದ ಇಂಗ್ಲಿಷ್ ಕವನಗಳನ್ನು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ. ಅವರು ನಿನ್ನ ನುಡಿಯಲ್ಲಿ ಬರೆ ಎಂದರು. ಆ ಹುಡುಗ ಕುವೆಂಪು. ಹೊಗಳಿ ಕಳಿಸಿದ್ದರೆ ಏನಾಗುತ್ತಿತ್ತೋ! ಪ್ರೋತ್ಸಾಹ ಎಂದರೆ ಬೆನ್ನು ತಟ್ಟುವುದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಮೊದಲಾದವರು ಒಬ್ಬರದನ್ನು ಒಬ್ಬರು ಕೇಳಿ, ಚರ್ಚಿಸಿ ಬೆಳೆದರು. ಈ ಊರಿನ ನೇಕಾರರ ಮನೆಯ ಮಗ ಡಿ.ಆರ್. ನಾಗರಾಜ್ ಮತ್ತು ಮಾಗಡಿಯ ಮಂಚನಬೆಲೆಯ ಸಿದ್ದಲಿಂಗಯ್ಯ, ಇಬ್ಬರೂ 1954ರಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ಓದುವಾಗ ಗೆಳೆಯರಾದರು. ಸಿದ್ದಲಿಂಗಯ್ಯನವರಿಗೆ ಓದಲು ಮನೆಯಲ್ಲಿ ಜಾಗವಿರಲಿಲ್ಲ. ಶ್ರೀರಾಮಪುರದ ಸ್ಮಶಾನದಲ್ಲಿ ಗೋರಿಗಳ ಮೇಲೆ ಕೂತು ಓದುತ್ತಿದ್ದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಕನ್ನಡ ಸಾಹಿತ್ಯದ ಜಗಲಿಯೇ ಅಲುಗಿತು. ನಾಗರಾಜ್ 1998ರಲ್ಲಿ, ನಲವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡರು. ಅಷ್ಟರಲ್ಲಿ ಕನ್ನಡ ವಿಮರ್ಶೆಯ ಹಾದಿಯನ್ನು ಬದಲಿಸಿದ್ದರು. ದೊಡ್ಡಬಳ್ಳಾಪುರದವರಿಗೆ ಸೀರೆಯೊಂದೇ ಗೊತ್ತು ಎನ್ನುವವರಿಗೆ ಈ ಒಂದು ಹೆಸರು ಸಾಕು.

ಬರೆಯಲು ಬಾರದವರೂ ಇಲ್ಲಿದ್ದಾರೆ, ವಿಶೇಷವಾಗಿ ವಯಸ್ಸಾದ ತಾಯಂದಿರು. ಅವರಿಗೆ ಕೈಲಾಸಂ ನೆನಪಾಗಬೇಕು. ಅವರು ನಾಟಕಗಳನ್ನು ಬಾಯಲ್ಲಿ ಆಡುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. (ಅವರ ಸಿಗರೇಟಿನ ಅಭ್ಯಾಸವನ್ನು ಮಾತ್ರ ಯಾರೂ ಕಲಿಯಬೇಡಿ, ಸಾಹಿತಿಯಾಗಲು ಮೊದಲ ಮೆಟ್ಟಿಲು ಅದೇ ಎಂದು ತಿಳಿದ ಹುಡುಗರನ್ನು ಕಂಡಿದ್ದೇನೆ.) ಅಜ್ಜಿ ಹೇಳಲಿ, ಎಂಟನೇ ಕ್ಲಾಸಿನ ಮೊಮ್ಮಗಳು ಬರೆಯಲಿ. ಇದರಲ್ಲಿ ಕೀಳು ಏನೂ ಇಲ್ಲ.

ಕಾಯಿಲೆ, ಕಷ್ಟದ ಮಾತು ಬಂದರೆ ನಿರಂಜನರನ್ನು ನೆನೆಯಬೇಕು. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತ ಯುವಕರನ್ನು 1943ರ ಮಾರ್ಚಿ 29ರಂದು ಗಲ್ಲಿಗೇರಿಸಿದರು; ಅವರ ಮೇಲೆ 'ಚಿರಸ್ಮರಣೆ' ಬರೆದು 1955ರಲ್ಲಿ ಹೊರತಂದವರು ಇವರು. 1971ರಲ್ಲಿ ಪಾರ್ಶ್ವವಾಯು ಬಡಿಯಿತು. ಮುಗಿಯಿತು ಎಂದುಕೊಳ್ಳುವಂಥ ಪೆಟ್ಟು. ಆದರೆ ಪುರಾತನ ಈಜಿಪ್ಟಿನ ದುಡಿಯುವ ಜನರ ದಂಗೆಯನ್ನು ಹೇಳುವ 'ಮೃತ್ಯುಂಜಯ' ಎಂಬ ದೊಡ್ಡ ಕಾದಂಬರಿ ಬಂದದ್ದು ಅದರ ನಂತರ, 1976ರಲ್ಲಿ. ಆಮೇಲೆ ಲೋಕದ ಕತೆಗಳನ್ನು 25 ಸಂಪುಟಗಳ 'ವಿಶ್ವಕಥಾಕೋಶ'ವಾಗಿ ಸಂಪಾದಿಸಿ ಕೊಟ್ಟರು. ಅವರು ಕಮ್ಯುನಿಸ್ಟರ ಕಡೆಯವರು, ನಾವು ಸಮಾಜವಾದಿಗಳು. ದಣಿದೆ ಎನ್ನುವ ಮುಂಚೆ ಅವರನ್ನು ನೆನೆಯುವುದಕ್ಕೆ ಅದೇನೂ ಅಡ್ಡಿಯಲ್ಲ.

ಹಾಗೆಂದ ಮಾತ್ರಕ್ಕೆ ದಣಿವು ಸುಳ್ಳು ಎಂದು ನಾನು ಹೇಳಲಾರೆ. ಇಲ್ಲಿಗೆ ಕೂಲಿಯ ಮಾತು ಬರುತ್ತದೆ. ಸೀರೆಗೆ ಇಷ್ಟು ಎಂದು ಕೂಲಿ ಕಟ್ಟಿದಾಗ ಕೂತಷ್ಟು ಹೊತ್ತು ದುಡ್ಡು, ಎದ್ದಷ್ಟು ಹೊತ್ತು ನಷ್ಟ. ಅಂಥವನಿಗೆ ದಿನಕ್ಕೊಂದು ಪುಟ ಬರೆ ಎಂದು ಬುದ್ಧಿ ಹೇಳುವುದು ಸುಲಭ. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ಬಾಗಿಲು ತೆರೆಯಿತು. ವಾರಕ್ಕೆ 48 ಗಂಟೆಯ ಮಿತಿ ಉಂಟು, ಕಾರ್ಮಿಕನ ಒಪ್ಪಿಗೆ ಬೇಕು ಎಂದೆಲ್ಲ ಸಮಾಧಾನ ಹೇಳಿದರು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕದವನ ಗತಿ ಏನು ಎಂಬುದು ಗೇಟಿನ ಒಳಗಿರುವವರಿಗೆ ಗೊತ್ತು. 1886ರಲ್ಲಿ ಷಿಕಾಗೋದ ಕೆಲಸಗಾರರು ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದಾಗ ಕೇಳಿದ್ದು ನಿದ್ದೆಯನ್ನು ಮಾತ್ರವೇ? ಓದುವ, ಹಾಡುವ, ಮಕ್ಕಳ ಜೊತೆ ಕೂರುವ ಹೊತ್ತನ್ನೂ ಕೇಳಿದರು. ಹೊತ್ತನ್ನು ಕಿತ್ತುಕೊಂಡವನು ನಮ್ಮ ಕತೆಯನ್ನೂ ಕಿತ್ತುಕೊಂಡ ಹಾಗೆ. ಆದುದರಿಂದ ಎಂಟು ಗಂಟೆಯ ಹೋರಾಟವನ್ನೂ ನೋಟ್‌ಬುಕ್ಕನ್ನೂ ಬೇರೆ ಬೇರೆ ಎಣಿಸಬೇಡಿ. ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದ ಮುಂದಾಳು, ಕವಿಗಳ ಗೆಳೆಯರೂ ಹೌದು. ಅವರಿಗೆ ಈ ಎರಡರ ನಡುವೆ ಗೋಡೆ ಇರಲಿಲ್ಲ.

ಅಂಗಡಿಯ ಗೆಳೆಯರಿಗೆ ಒಂದು ಮಾತು. ಗಳಗನಾಥರು ಶಾಲಾ ಮೇಷ್ಟ್ರು, ಕಾದಂಬರಿಕಾರರು. ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವುದೂ ಮಾರುವುದೂ ಅವರಿಗೆ ಒಂದೇ ಕೆಲಸದ ಎರಡು ಕೈ. ನಿಮ್ಮ ಬಳಿ ಅದಕ್ಕಿಂತ ಬೆಲೆಯುಳ್ಳ ಒಂದು ಪುಸ್ತಕ ಉಂಟು, ಉದ್ರಿ ಪುಸ್ತಕ. ಯಾವ ತಿಂಗಳು ಮಗ್ಗ ನಿಂತಿತು, ಯಾರ ಮನೆಯಲ್ಲಿ ಎಣ್ಣೆ ಅರ್ಧ ಲೀಟರಿಗೆ ಇಳಿಯಿತು, ಯಾರು ಹಬ್ಬದ ಮುಂದೆ ಮುಖ ತಪ್ಪಿಸಿದರು, ಎಲ್ಲ ಅದರಲ್ಲಿ ಉಂಟು. ಹೆಸರು ತೆಗೆದುಬಿಡಿ, ಅವರ ಮಾನ ಉಳಿಯಲಿ. ಉಳಿದದ್ದನ್ನು ಬರೆಯಿರಿ.

2020ರ ಲಾಕ್‌ಡೌನಿನಲ್ಲಿ ಈ ಊರಿನ ಮಗ್ಗಗಳ ಸದ್ದು ನಿಂತಿತ್ತು. ಹಗಲೂ ರಾತ್ರಿ ಕೇಳುತ್ತಿದ್ದ ಸದ್ದು ಇಲ್ಲದೆ ಮಲಗಿದ ಮೊದಲ ರಾತ್ರಿ ಹೇಗಿತ್ತು? ಯಾವ ಅಂಗಡಿಯವರು ಉದ್ರಿ ಕೊಟ್ಟರು, ಯಾರು ಮುಚ್ಚಿಕೊಂಡರು? ಯಾರ ಮಗ ಶಾಲೆ ಬಿಟ್ಟವನು ಮತ್ತೆ ಹೋಗಲಿಲ್ಲ? ಸರ್ಕಾರದ ಕಡತದಲ್ಲಿ ಫಲಾನುಭವಿಗಳ ಪಟ್ಟಿ ಇದ್ದೀತು. ನಿಮ್ಮ ಕಡತ ಎಲ್ಲಿ? ಮುಂಬಯಿಯಲ್ಲಿ ಗಂಗಾರಾಮ ಸುರ್ವೆ ಎಂಬ ಗಿರಣಿ ಕಾರ್ಮಿಕ ಬೀದಿಯಲ್ಲಿ ಸಿಕ್ಕ ಅನಾಥ ಶಿಶುವನ್ನು ಎತ್ತಿ ಸಾಕಿದ. ಆ ಮಗು ಬೆಳೆದು ಶಾಲೆಯಲ್ಲಿ ಜವಾನನಾಗಿ, ಮೇಷ್ಟ್ರಾಗಿ, ನಾರಾಯಣ ಸುರ್ವೆ ಎಂಬ ಮರಾಠಿ ಕವಿಯಾಯಿತು. ಗಿರಣಗಾವದ ದುಡಿಮೆಗಾರರು ಮರಾಠಿ ಕವಿತೆಯೊಳಗೆ ಬಂದದ್ದು ಅವರ ಕೈಹಿಡಿದು. ಆ ಗಿರಣಿಗಳು ಮುಚ್ಚಿಹೋದವು, ಜಾಗದಲ್ಲಿ ಮಾಲುಗಳೆದ್ದಿವೆ. ಅಲ್ಲಿ ಯಾರು ದುಡಿದರು ಎಂದು ಕೇಳುವವರು ಈಗ ಸುರ್ವೆಯವರ ಪುಸ್ತಕ ತೆರೆಯಬೇಕು.

ಕೊನೆಯದಾಗಿ ಕೆಲಸದ ಮಾತು. ಇಲ್ಲಿ ಮೂವತ್ತು ಜನರಿದ್ದೀರಿ. ಮುಂದಿನ ವಾರದ ರಜೆಯ ದಿನ ಇದೇ ಜಾಗದಲ್ಲಿ ಸಂಜೆ ಸೇರೋಣ. ಲಾಕ್‌ಡೌನಿನ ಒಂದು ದಿನ, ಒಂದೇ ದಿನ, ಎರಡು ಪುಟ ಮೀರದಂತೆ ಬರೆದು ತನ್ನಿ. ಕಾಗುಣಿತ ತಪ್ಪಿದರೆ ಯಾರೂ ನಗಕೂಡದು. ನಕ್ಕವರು ಟೀ ಕೊಡಿಸಬೇಕು. ಬರೆಯಲಾರದವರು ಬರೆಯುವ ಒಬ್ಬರನ್ನು ಜೊತೆಗೆ ಕರೆತನ್ನಿ. ಗಾರ್ಮೆಂಟ್ಸಿನ ಅಕ್ಕಂದಿರಿಗೆ ಬಸ್ಸು ತಪ್ಪದ ಹಾಗೆ ಅವರದನ್ನು ಮೊದಲು ಓದಿಸೋಣ.